ತಾನಾಗಿ ಎತ್ತುವ ಫೋನು

ಗಾಜಿನ ಕೆಳಗೆ ಸಾಲಾಗಿ ಮಲಗಿದ್ದ ಫೋನುಗಳಲ್ಲಿ ಯಾರೂ ಮುಟ್ಟದೆ ತಾನಾಗಿ ಕರೆ ಎತ್ತುವಂಥದು ಯಾವುದು ಎಂಬುದನ್ನು ಹೇಗೆ ಕೇಳಬೇಕೆಂದು ತಿಳಿಯದೆ ಚಿಕ್ಕಸ್ವಾಮಿ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ಕೆ.ಆರ್.ಪೇಟೆಯ ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಇಂಥವೇ ಅಂಗಡಿಗಳನ್ನು ದಾಟಿ ಬಂದಿದ್ದ. ಒಂದರಲ್ಲಿ ಗಿರಾಕಿಗಳ ನೂಕುನುಗ್ಗಲಿತ್ತು. ಇನ್ನೊಂದರ ಬಾಗಿಲಲ್ಲಿ ಊರಿನ ಕಡೆಯವರ ಬೆನ್ನೊಂದು ಕಂಡಂತಾಗಿ ಅವನು ತಲೆ ತಗ್ಗಿಸಿ ಮುಂದೆ ಸಾಗಿದ್ದ. ಫೋನು ಕೊಳ್ಳಲು ಬಂದವನು ಕಳ್ಳನ ಹಾಗೆ ಯಾಕೆ ನಡೆಯಬೇಕು ಎಂದು ತನ್ನನ್ನೇ ಕೇಳಿಕೊಂಡೂ ನಡಿಗೆ ಸರಿಹೋಗಿರಲಿಲ್ಲ. ಇಲ್ಲಿ ಹುಡುಗಿ ಒಬ್ಬಳೇ ಇದ್ದಳು. ಅದೇ ವಾಸಿ ಅನ್ನಿಸಿ ಮೆಟ್ಟಿಲು ಹತ್ತಿದ. ಹತ್ತಿದ ಮೇಲೆ ಅವಳ ವಯಸ್ಸು ಕಣ್ಣಿಗೆ ಬಿತ್ತು. ಇಪ್ಪತ್ತೆರಡೋ ಇಪ್ಪತ್ಮೂರೋ. ಇಳಿದುಬಿಡೋಣ ಅನ್ನಿಸುವಷ್ಟರಲ್ಲಿ ಅವಳು "ಬನ್ನಿ ಅಪ್ಪಾಜಿ" ಅಂದುಬಿಟ್ಟಿದ್ದಳು.

"ಸಾದಾದು ತೋರ್ಸವ್ವ. ಗುಂಡಿ ಒತ್ತೋದು."

"ಕೀಪ್ಯಾಡಾ? ಯಾರಿಗೆ, ನಿಮಗಾ?"

"ಮನೆಗೆ."

ಅವಳು ಮೂರು ಫೋನು ತೆಗೆದು ಗಾಜಿನ ಮೇಲೆ ಇಟ್ಟಳು. "ಇದು ನೋಡಿ, ಅಕ್ಷರ ದಪ್ಪ. ಒತ್ತಿದ ನಂಬರ್ನ ಅದೇ ಓದಿ ಹೇಳ್ತದೆ, ವಯಸ್ಸಾದೋರಿಗೆ ಚೆನ್ನಾಗಿರ್ತದೆ. ಇದ್ರಲ್ಲಿ ಟಾರ್ಚು ದೊಡ್ಡದು. ಇದಕ್ಕೆ ನೆಟ್ಟೂ ಬರ್ತದೆ, ದುಡ್ಡು ಕಳಿಸ್ಬೋದು. ಬರೀ ಮಾತಿಗೆ, ಮೆಸೇಜಿಗೆ ಅಂದ್ರೆ ಇವೆರಡರಲ್ಲಿ ಯಾವ್ದಾದ್ರೂ ಸಾಕು. ಬಳಸೋರು ಜಾಸ್ತಿ ಮಾತಾಡ್ತಾರಾ, ಕಮ್ಮೀನಾ?"

"ಮಾತಾಡಕಿಲ್ಲ," ಅಂದ ಚಿಕ್ಕಸ್ವಾಮಿ. "ಎತ್ತುದ್ರೆ ಸಾಕು."

ಹುಡುಗಿ ನಕ್ಕಳು. "ನಮ್ಮಜ್ಜೀನೂ ಅಂಗೇಯ. ಎತ್ತೋದು, ಸುಮ್ನೆ ಕೇಳ್ಕೊಂಡ್ ಕೂರೋದು. ನಾವೇ ಇಟ್ಬುಡ್ಬೇಕು."

ಅವಳ ನಗುವಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಬಳಸುವವರು ಅಂದಳಲ್ಲ, ಬಳಸುವವರು ಇರುವುದು ಹೊಲದ ಮೋಟರು ಮನೆಯಲ್ಲಿ, ಸ್ಟಾರ್ಟರಿನ ಪಕ್ಕ ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆಯೊಳಗೆ, ಹಲ್ಲಿಯ ಮೊಟ್ಟೆಗಳ ಜೊತೆಗೆ. ಆ ಪೆಟ್ಟಿಗೆಯ ಫೋನಿಗೆ ಮನೆಯಿಂದ ಕರೆ ಮಾಡಿದರೆ ಅದು ತಾನಾಗಿ ಎತ್ತುತ್ತದೆ. ಎತ್ತಿದ ಮೇಲೆ ಒಂದು ಒತ್ತಿದರೆ ಮೋಟರು ಓಡುತ್ತದೆ, ಎರಡು ಒತ್ತಿದರೆ ನಿಲ್ಲುತ್ತದೆ. ಮಾತು ಬೇಕಿಲ್ಲ. ಈಗ ಊರಲ್ಲಿ ಅರ್ಧಕ್ಕರ್ಧ ಜನ ಹೀಗೇ ಮಾಡಿಸಿಕೊಂಡಿದ್ದಾರೆ, ನಾಚಿಕೊಳ್ಳುವಂಥದು ಏನೂ ಇಲ್ಲ. ಬೇಕಾಗಿದ್ದರೆ, ಬಂದ ಕೂಡಲೆ, ಮೋಟರಿಗೆ ಒಂದು ಫೋನು ಬೇಕು ಕಣವ್ವ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಹಾಗಂದರೆ ಸಿಮ್ಮು ಅಂತ ಒಂದು ಮಾತು ಬರುತ್ತದೆ. ಅದು ಬಂದರೆ ಅದು ಯಾರದ್ದು ಅಂತ ಇನ್ನೊಂದು.

ಹಳೆಯ ಫೋನು ಅಂಗಿಯ ಎಡಗಡೆಯ ಜೇಬಿನಲ್ಲಿ ಕೂತಿತ್ತು. ಅದರ ಬ್ಯಾಟರಿ ನೀರು ಕುಡಿದ ಕಾಳಿನಂತೆ ಊದಿಕೊಂಡು ಹಿಂದಿನ ಮುಚ್ಚಳ ಹಾರಿಹೋಗಿ, ಸತ್ತು ನಾಲ್ಕೈದು ದಿನವಾಗಿತ್ತು. ಬದಲಾಯಿಸೋಣ ಬಿಡು, ಕಾಲುವೆಯಲ್ಲಿ ಹೇಗೂ ನೀರಿದೆ ಎಂದು ಅವನು ಸುಮ್ಮನಿದ್ದ. ಸುಮ್ಮನಿರಲು ಬಿಡದವಳು ಪುಟ್ಟಗೌರಮ್ಮ. ಮೋಟರಿನ ವಿಷಯಕ್ಕೆ ಎಂದೂ ತಲೆ ಹಾಕದ ಹೆಂಡತಿ, ನಿನ್ನೆ ಬೆಳಿಗ್ಗೆ ಹಾಲು ಕರೆದು ಎದ್ದವಳು, "ಆ ಫೋನ್ ಯಾವಾಗ ತತ್ತೀರಿ?" ಅಂದಿದ್ದಳು. ಸಂಜೆ ಮತ್ತೆ ಕೇಳಿದಳು. ಕಬ್ಬು ಒಣಗುತ್ತದೆ ಅಂತ ಅವಳಿಗೆ ಭಯವಿರಬೇಕು ಅಂದುಕೊಂಡ. ಕಬ್ಬಿನ ಮೇಲೆ ಅವಳಿಗಾದರೂ ಆಸೆ ಹುಟ್ಟಿತಲ್ಲ ಅಂತ ಒಳಗೊಳಗೆ ಸಮಾಧಾನವೂ ಆಗಿತ್ತು.

"ಕರೆ ಬಂದ್ರೆ ತಾನೇ ಎತ್ಬೇಕು ಕಣವ್ವ. ಗುಂಡಿ ಒತ್ತುದ್ರೆ ಅಲ್ಲ. ತಾನೇ."

"ತಾನೇ ಅಂದ್ರೆ?" ಹುಡುಗಿ ಅವನ ಮುಖ ನೋಡಿದಳು. "ಹಾಸಿಗೆ ಹಿಡಿದಿರೋರಿಗಾ ಅಪ್ಪಾಜಿ?"

ಹೌದು ಅನ್ನೋಣ ಅನ್ನಿಸಿತು. ಹೌದು, ಹಾಸಿಗೆ ಹಿಡಿದಿದ್ದಾಳೆ, ಕೈ ಆಡಲ್ಲ, ಕಿವಿ ಮಾತ್ರ ಕೇಳುತ್ತದೆ ಅಂದರೆ ಈ ಹುಡುಗಿ ಅಯ್ಯೋ ಅಂತ ಒಳ್ಳೆಯದೊಂದು ಆರಿಸಿ ಕೊಡುತ್ತಾಳೆ. ಶ್ರೀರಂಗಪಟ್ಟಣದ ಆ ಬಾಡಿಗೆ ಕೋಣೆಯಲ್ಲಿ ನೆಲದ ಮೇಲೆ ಹಾಸಿದ್ದ ಹಾಸಿಗೆ, ಗೋಡೆಗೆ ಮಕ್ಕಳ ಕೈಯಲ್ಲಿ ಬರೆಸಿ ಅಂಟಿಸಿದ್ದ ಬಣ್ಣಬಣ್ಣದ ಮೀನು. ಅಲ್ಲಿನ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು ಮಗಳು ಸಹನ. ಆ ಕೋಣೆಗೆ ಅವನು ಹೋಗಿದ್ದು ಅವಳ ಬಟ್ಟೆಬರೆ ತರುವುದಕ್ಕೆ. ಅದಕ್ಕೆ ಮುಂಚೆ, ಮಳೆಗಾಲ ಕಳೆಯುತ್ತಿದ್ದ ಒಂದು ಸಂಜೆ, ಅವಳು ಫೋನು ಮಾಡಿದ್ದಳು. ಅಪ್ಪ, ಜ್ವರ ಬಂದದೆ, ತಲೆ ಎತ್ತಕ್ಕಾಗ್ತಿಲ್ಲ, ಬಂದು ಕರ್ಕೊಂಡೋಗ್ತೀಯಾ. ಅವನು ಹೊಲದಲ್ಲಿದ್ದ. ಮೂರು ಫೇಸಿನ ಕರೆಂಟು ಹೊಲದ ಕಡೆಗೆ ಬರುವುದು ಅದರದೇ ಇಷ್ಟಕ್ಕೆ. ಬಂದಾಗ ಮೋಟರು ಹಾಕಬೇಕು, ಹೋಗುವವರೆಗೂ ಅದರ ಕಾಲ ಬುಡದಲ್ಲಿ ಕಾಯಬೇಕು. ಎರಡು ದಿನ ಕಾಯಿಸಿ ಅವತ್ತು ಆಗ ತಾನೇ ಬಂದಿತ್ತು. ಈಗ್ತಾನೆ ಕರೆಂಟ್ ಬಂದದೆ ಮೊಗ, ಕಬ್ಬಿಗೆ ನೀರ್ ಕಟ್ಬುಟ್ಟು ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬತ್ತೀನಿ, ಒಂದ್ ಮಾತ್ರೆ ನುಂಗ್ಕೊಂಡು ಮಲಿಕೊ ಅಂದ. ಪಕ್ಕದಲ್ಲೇ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಪುಟ್ಟಗೌರಮ್ಮ, ಕುಡಗೋಲು ಹಿಡಿದೇ ಕತ್ತೆತ್ತಿ, ಬೆಳಿಗ್ಗೆ ಬತ್ತಾರೆ ಅನ್ನಿ, ಗಂಜಿ ಕುಡೀಲಿ ಅನ್ನಿ ಅಂದಿದ್ದಳು. ಸಹನ ಒಂದು ಮಾತೂ ಬೇಜಾರು ಮಾಡಿಕೊಳ್ಳಲಿಲ್ಲ. ಆಯ್ತಪ್ಪ, ನೀರ್ ಕಟ್ಟು ಅಂದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಇವನು ಹೊರಡುವಷ್ಟರಲ್ಲಿ ಜೊತೆಯ ಹುಡುಗಿಯರು ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಆಮೇಲಿನ ಮೂರು ದಿನ ಬಿಳಿಯ ಗೋಡೆ, ಫಿನಾಯಿಲಿನ ವಾಸನೆ, ರಕ್ತದ ಕಣ ಇಳಿದಾವೆ, ಇನ್ನೂ ಇಳಿದಾವೆ ಅನ್ನುವ ಮಾತು. ಒಂದು ಸಂಜೆ ಮುಂಚೆ ಬಂದಿದ್ದರೆ ಅಂತ ಅವನು ಡಾಕ್ಟರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಏನಾದರೊಂದು ಹೇಳುತ್ತಿದ್ದರು. ಆ ಉತ್ತರವನ್ನು ಹೊತ್ತುಕೊಂಡು ಊರಿಗೆ ಬರಬೇಕಾಗುತ್ತಿತ್ತು.

ತಿಥಿ ಕಳೆದ ಮೇಲೆ ಅವನು ಮಾಡಿದ ಮೊದಲ ಕೆಲಸ ಅಕ್ಕಿಹೆಬ್ಬಾಳಿನ ಮೆಕ್ಯಾನಿಕ್ಕನನ್ನು ಕರೆಸಿ ಮೋಟರಿಗೆ ಆ ಪೆಟ್ಟಿಗೆ ಹಾಕಿಸಿದ್ದು. ಇನ್ನು ಯಾವತ್ತೂ ಕರೆಂಟಿಗಾಗಿ ಒಂದು ಕಡೆ ನಿಂತುಕೊಳ್ಳುವಂತಿಲ್ಲ ಅಂತ ಹಟ. ಯಾರಿಗಾಗಿ, ಇನ್ನೆಲ್ಲಿಗೆ ಹೋಗುವುದಕ್ಕೆ ಎಂದು ಯೋಚಿಸಲಿಲ್ಲ. ಮೆಕ್ಯಾನಿಕ್ಕ, ಒಂದು ಹಳೇ ಫೋನು, ಒಂದು ಸಿಮ್ಮು ಕೊಡಿ ಅಂದಾಗ, ಗೂಡಿನಲ್ಲಿ ಸಹನಳ ಫೋನಿತ್ತು. ಗಾಜು ಒಡೆದಿದೆ ಅಂತ ದೊಡ್ಡ ಫೋನನ್ನು ರಿಪೇರಿಗೆ ಕೊಟ್ಟು ಅವಳು ಆ ತಿಂಗಳು ಬಳಸುತ್ತಿದ್ದ ಸಾದಾ ಫೋನು. ಅದರೊಳಗಿನ ಸಿಮ್ಮಿಗೆ ವರ್ಷಕ್ಕಾಗುವಷ್ಟು ರೀಚಾರ್ಜು ಅವಳೇ ಹಾಕಿಸಿದ್ದಳು. ಸುಮ್ಮನೆ ಹಾಳಾಗುತ್ತಲ್ಲ, ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಅವನು ಇವತ್ತಿನವರೆಗೂ ನುಂಗಿಕೊಳ್ಳಲಾಗಿರಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದವನಿಗೆ ರೀಚಾರ್ಜು ಹಾಳಾಗುವುದು ಕಂಡಿತ್ತು. ಹೆಂಡತಿಗೆ ಹೇಳಿದ್ದು ಹಾಕಿಸಿದ ಮೇಲೆ. ಅವಳು ಅಳಲಿಲ್ಲ, ಬೈಯಲಿಲ್ಲ. "ನೀರ್ ಬತ್ತದಲ್ಲ, ಬುಡಿ" ಅಂದಳು. ಅಂದಿನಿಂದ ಕರೆಂಟು ಬಂದಾಗೆಲ್ಲ ಅವನು ತನ್ನ ಫೋನಿನಲ್ಲಿ ಸಹನ ಅನ್ನುವ ಹೆಸರನ್ನು ಒತ್ತುತ್ತಾನೆ. ಎರಡು ಸಲ ಬಡಿದುಕೊಂಡು ಅವಳ ನಂಬರು ಎತ್ತುತ್ತದೆ. ಅವನು ಒಂದು ಒತ್ತುತ್ತಾನೆ. ಹೆಸರನ್ನು ಮೋಟರ್ ಅಂತ ಬದಲಾಯಿಸೋಣವೆಂದು ಒಂದು ದಿನ ಕೂತು ಮೊದಲ ಅಕ್ಷರ ಹೊಡೆದಿದ್ದ. ಅಲ್ಲಿಗೇ ನಿಲ್ಲಿಸಿ ಫೋನನ್ನು ಮೊಗಚಿ ಇಟ್ಟಿದ್ದ.

"ಏನ್ಲಾ ಚಿಕ್ಕಸ್ವಾಮಿ, ಈ ವಯಸ್ಸಲ್ಲಿ ಯಾರ್ಗಲಾ ಕದ್ದು ಫೋನ್ ಕೊಡುಸ್ತಿದ್ದೀಯೆ?"

ಬಾಗಿಲಲ್ಲಿ ಜವರಯ್ಯ ನಿಂತಿದ್ದ. ಹೊಲದ ಬದುವಿನಾಚೆಯವನು. ಹೆಗಲಿಗೆ ಟ್ರಾಕ್ಟರಿನ ಫ್ಯಾನ್ ಬೆಲ್ಟನ್ನು ಹೂವಿನ ಹಾರದಂತೆ ಹಾಕಿಕೊಂಡಿದ್ದ. ಆಗಲೇ ಬೆನ್ನು ಕಂಡದ್ದು ಇವನದ್ದೇ.

"ಮನೆಗೆ ಕಣ್ಲಾ."

"ಯಾವ್ ಮನೆ, ಮೋಟರ್ ಮನೆ ಅನ್ನು. ಮೋಟರ್ಗೆ ಕಣವ್ವ ಇವನು ಕೇಳ್ತಿರೋದು. ಮದ್ವೆ ಹೆಣ್ ನೋಡಕ್ಕೆ ಬಂದೋನಂಗೆ ಯಾಕ್ಲಾ ನಾಚ್ಕೊಂಡ್ ನಿಂತಿದ್ದೀಯೆ?"

"ಮೊದ್ಲೇ ಹೇಳ್ಬಾರ್ದಾ ಅಪ್ಪಾಜಿ," ಹುಡುಗಿ ಮೂರು ಫೋನುಗಳನ್ನೂ ಒಟ್ಟಿಗೆ ಬಾಚಿ ಪಕ್ಕಕ್ಕಿಟ್ಟಳು. "ನಾನು ಟಾರ್ಚು, ದಪ್ಪ ಅಕ್ಷರ ಅಂತ ಹೇಳ್ತಾವ್ನಿ. ಮೋಟರಿಗೆ ಟಾರ್ಚ್ ಯಾಕೆ."

ಜವರಯ್ಯ ನಕ್ಕ. ಅವಳೂ ನಕ್ಕಳು. ಚಿಕ್ಕಸ್ವಾಮಿಯೂ ನಗಲು ನೋಡಿದ. ತುಟಿ ಒಂದು ಕಡೆಗಷ್ಟೇ ಹೋಯಿತು. ಅವಳು ಕೆಳಗೆ ಬಗ್ಗಿ ರಟ್ಟಿನ ಡಬ್ಬಗಳ ನಡುವೆ ಕೈಯಾಡಿಸಿ ಎರಡು ತೆಗೆದಳು. ಒಂದು ಹೊಸ ಕಾಲದ್ದು. ಇನ್ನೊಂದು ಹಳೇ ನಮೂನೆಯದು, ಡಬ್ಬದ ಮೂಲೆ ಧೂಳು ಹಿಡಿದಿತ್ತು. "ಇದು ತಾನೇ ಎತ್ತತದೆ, ಇಯರ್‌ಫೋನಿನ ತೂತೂ ಅದೆ, ನಿಮ್ಮ ಪೆಟ್ಟಿಗೆ ವೈರು ಸರಿಯಾಗಿ ಕೂತ್ಕೊತದೆ. ಆದ್ರೆ ಹಳೇ ಟವರಿಗೆ ಮಾತ್ರ. ಇದು ಹೊಸ್ದು, ಸಿಮ್ಮೂ ಹೊಸ್ದೇ ಬೇಕು. ನಿಮ್ಮದು ಯಾವ ಸಿಮ್ಮು, ಕೊಡಿ ನೋಡಣ."

ಅವನು ಜೇಬಿನಿಂದ ಹಳೆಯ ಫೋನು ತೆಗೆದ. ಊದಿದ ಬ್ಯಾಟರಿಯನ್ನು ಅವಳು ಉಗುರಿನಿಂದ ಎತ್ತಿ, ಅದರಡಿಯಿಂದ ಸಿಮ್ಮನ್ನು ಈಚೆಗೆಳೆದು ಅಂಗೈಯಲ್ಲಿ ಇಟ್ಟುಕೊಂಡಳು. ಉಗುರಿನಷ್ಟಗಲ. ಅವಳ ಅಂಗೈಯಲ್ಲಿ ಅದನ್ನು ನೋಡುವಾಗ, ಕಿವಿ ಚುಚ್ಚಿಸಿದ ದಿನ ಅಕ್ಕಸಾಲಿಗನ ಮುಂದೆ ಅಂಗೈ ಮೇಲೆ ಓಲೆಯ ತಿರುಪನ್ನು ಹಿಡಿದು ಕೂತಿದ್ದ ಒಂದು ಸಣ್ಣ ಕೈ ನೆನಪಾಯಿತು. ಆ ಕೈ ನೋವಿಗೆ ನಡುಗುತ್ತಿತ್ತು, ಆದರೂ ತಿರುಪು ಬೀಳಿಸಿರಲಿಲ್ಲ.

"ಹಳೇದು. ಈ ಟವರೆಲ್ಲ ತೆಗೀತಾರಂತೆ ಅಪ್ಪಾಜಿ, ಇನ್ನೆಷ್ಟು ದಿನ ಬತ್ತದೋ ಗೊತ್ತಿಲ್ಲ. ಈಗ್ಲೇ ಬದಲಾಯಿಸ್ಕೊಂಡ್ರೆ ಇದೇ ನಂಬರು ಉಳೀತದೆ. ಯಾರ ಹೆಸರಲ್ಲಿ ಅದೆ?"

"ಸಹನ."

"ಮನೆಯವರಾ?"

"ಮಗಳು."

"ಕರ್ಕೊಂಡ್ ಬಂದ್ಬುಡಿ. ಹೆಬ್ಬೆಟ್ಟು ಒತ್ಬೇಕು, ಐದ್ ನಿಮಿಷದ ಕೆಲ್ಸ. ಎಲ್ಲವ್ರೆ?"

ಅವನು ಬಾಯಿ ತೆಗೆದ. ಒಂದೇ ಮಾತಿನಲ್ಲಿ ಮುಗಿಯುವಂಥದು. ಆ ಮಾತನ್ನು ಅವನು ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ, ಅವಳ ಶಾಲೆಯಲ್ಲಿ ಹೇಳಿ ಅಭ್ಯಾಸವಾಗಿತ್ತು. ಆದರೆ ಈ ಹುಡುಗಿ ಎಲ್ಲವ್ರೆ ಅಂತ ಕೇಳಿದ ರೀತಿಯಲ್ಲಿ, ಎಲ್ಲೋ ಇದ್ದೇ ಇದ್ದಾಳೆ, ಇಂಥ ಕಡೆ ಅಂತ ಹೇಳಿದರಾಯಿತು ಅನ್ನುವಂಥದೊಂದು ನಂಬಿಕೆಯಿತ್ತು. ಆ ನಂಬಿಕೆಯ ಪಕ್ಕದಲ್ಲಿ ಒಂದು ಗಳಿಗೆ ನಿಂತುಕೊಳ್ಳೋಣ ಅನ್ನಿಸಿತು.

"ಪಟ್ಣದಲ್ಲವ್ಳೆ. ಮೇಷ್ಟ್ರು ಕೆಲ್ಸ."

"ಭಾನ್ವಾರ ಬತ್ತಾರಲ್ಲ, ಆಗ ಕರ್ಕೊಂಬನ್ನಿ. ಅಂಗಡಿ ತೆಗ್ದೇ ಇರ್ತೀನಿ."

ಚಿಕ್ಕಸ್ವಾಮಿ ಜವರಯ್ಯನ ಕಡೆ ನೋಡಲಿಲ್ಲ. ನೋಡದೆಯೂ ಅವನು ಬೆಲ್ಟನ್ನು ಹೆಗಲಿನಿಂದ ಇಳಿಸಿದ್ದು ತಿಳಿಯಿತು. ಹೆಣ ಎತ್ತುವಾಗ ಮುಂದಿನ ಬಲಗಡೆ ಹೆಗಲು ಕೊಟ್ಟವನು ಜವರಯ್ಯ. ಈಗ ಇವನು ಏನನ್ನುತ್ತಾನೋ. ಏನ್ಲಾ ಇದು ಅನ್ನುತ್ತಾನೆ, ಅಥವಾ ಈ ಹುಡುಗಿಗೆ ಕಣ್ಣಲ್ಲೇ ಏನೋ ಹೇಳುತ್ತಾನೆ, ಅವಳ ಮುಖ ಬಾಡುತ್ತದೆ, ಅವಳು ಸಾರಿ ಅಪ್ಪಾಜಿ ಅನ್ನುತ್ತಾಳೆ. ಆ ಮಾತು ಕೇಳುವುದಕ್ಕಿಂತ ಈ ಗಾಜಿನ ಹಲಗೆ ತನ್ನ ಮೇಲೆ ಬಿದ್ದರೂ ಆದೀತು.

"ಭಾನ್ವಾರ ರಜ ಕೊಡಕಿಲ್ಲ ಕಣವ್ವ ಅವ್ಳಿಗೆ," ಅಂದ ಜವರಯ್ಯ. "ಏನೇನೋ ಕೆಲ್ಸ ಕೊಡ್ತಾರೆ ಆ ಇಸ್ಕೂಲ್ನೋರು. ಪಾಪದ ಹುಡ್ಗಿ, ಇಲ್ಲ ಅನ್ನಕಿಲ್ಲ."

"ಪ್ರೈವೇಟಲ್ಲಿ ಅಂಗೇಯ," ಹುಡುಗಿ ನಿಟ್ಟುಸಿರಿಟ್ಟಳು. "ನನಗೂ ಭಾನ್ವಾರ ಇಲ್ಲ. ಇಲ್ಲಾ ಅಂದ್ರೆ ಇನ್ನೊಂದ್ ಕೆಲ್ಸ ಮಾಡಿ ಅಪ್ಪಾಜಿ. ನಿಮ್ಮ ಹೆಸರಲ್ಲಿ ಹೊಸ ನಂಬರ್ ಕೊಡ್ತೀನಿ. ಮೋಟರಿಗೆ ಯಾವ ನಂಬರಾದ್ರೇನು?"

"ಬ್ಯಾಡ."

ಮಾತು ಇಷ್ಟು ಗಟ್ಟಿಯಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ತಿರುಗಿ ನೋಡಿದ. "ಇದೇ ಇರ್ಲಿ ಕಣವ್ವ," ಅಂದ ಚಿಕ್ಕಸ್ವಾಮಿ, ಮೆತ್ತಗೆ. "ಹಳೇ ನಮೂನೇದೇ ಕೊಡು. ಎಷ್ಟ್ ದಿನ ಬತ್ತದೋ ಬರ್ಲಿ."

ಅವಳು ಹೆಗಲು ಹಾರಿಸಿ ಡಬ್ಬ ಬಿಚ್ಚಿದಳು. ಸಿಮ್ಮು ಕೂರಿಸಿದಳು. ಹೊಸ ಫೋನು ಬೆಳಗಿತು. ಸಣ್ಣ ಗಾಜಿನ ಮೇಲೆ ಒಂದು ಗೆರೆ, ಎರಡು ಗೆರೆ ಎದ್ದವು. ಟವರು ಸಿಕ್ಕಿತು ಅಂದಳು. ಎಲ್ಲೆಲ್ಲೋ ಒತ್ತುತ್ತ, "ತಾನೇ ಎತ್ತೋದು ಹಾಕಿದ್ದೀನಿ, ನಿಮ್ಮ ಫೋನಿಂದ ಒಂದ್ ಕರೆ ಮಾಡಿ ನೋಡಣ" ಅನ್ನುತ್ತಿರುವಾಗಲೇ ಫೋನು ಅವಳ ಕೈಯಲ್ಲಿ ಬಡಿದುಕೊಂಡಿತು. "ಮಾಡಿದ್ರಾ?" ಅಂದಳು. ಅವನು ಇನ್ನೂ ತನ್ನ ಫೋನನ್ನು ಜೇಬಿನಿಂದ ತೆಗೆದೇ ಇರಲಿಲ್ಲ. ಹೊಸ ಫೋನಿನಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ನಂಬರು ಮೂಡಿತ್ತು. ತಲೆಕೆಳಗಾಗಿ ಕಂಡರೂ ಅವನಿಗೆ ಗುರುತು ಸಿಕ್ಕಿತು. ಪುಟ್ಟಗೌರಮ್ಮನ ನಂಬರು.

ಫೋನು ತಾನಾಗಿ ಎತ್ತಿತು. ಹುಡುಗಿ ಅಭ್ಯಾಸಬಲದಿಂದ ಅದನ್ನು ಕಿವಿಗೆ ಒತ್ತಿಕೊಂಡು, "ಹಲೋ" ಅಂದಳು.

ಬಸ್‌ಸ್ಟ್ಯಾಂಡಿನ ಕಡೆಯಿಂದ ನಾಗಮಂಗಲದ ಬಸ್ಸಿನವನು ಕೂಗುತ್ತಿದ್ದ. "ಹಲೋ, ಹೇಳಿ, ಕೇಳ್ತಾ ಅದೆ," ಅಂದಳು ಹುಡುಗಿ ಮತ್ತೆ. ಆಮೇಲೆ ಫೋನನ್ನು ಕಿವಿಯಿಂದ ಈಚೆಗೆ ತೆಗೆದು ನೋಡಿ, "ಯಾರೋ ಅಮ್ಮ. ಒಂದ್ಸಲ ಆಂ ಅಂದ್ರು, ಈಗ ಬರೀ ಉಸಿರು ಕೇಳ್ತದೆ, ಮಾತಾಡ್ತಿಲ್ಲ" ಎಂದು ಅವನ ಕೈಗೆ ಕೊಟ್ಟಳು.

ಮೊದಲು ಅವನಿಗೆ ಹೊಳೆದದ್ದು ಹೆಂಡತಿ ತನ್ನನ್ನು ಹುಡುಕಿ ಮಾಡಿರಬೇಕು, ನಂಬರು ತಪ್ಪಿರಬೇಕು ಅಂತ. ಕಿವಿಗಿಟ್ಟುಕೊಂಡ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಹುಲ್ಲಿನ ಹೊರೆ ಹೊತ್ತು ಏರಿ ಹತ್ತಿದವಳ ಉಸಿರಿನಂತೆ. ನಾನು ಕಣೆ ಅನ್ನಬೇಕು, ನಾಲಿಗೆ ಎದ್ದಿತ್ತು. ಅಷ್ಟರಲ್ಲಿ ಅವಳು ಮಾತಾಡಿದಳು. ಆ ಸ್ವರವನ್ನು ಅವನು ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಜೋರಿಲ್ಲ, ಅಳುವಿಲ್ಲ, ತೊಟ್ಟಿಲ ಬಟ್ಟೆ ಸರಿಸಿ ನೋಡುವಾಗಿನ ಸ್ವರ.

"ಉಂಡ್ಯಾ ಮೊಗ?"

ನಂಬರು ತಪ್ಪಿಲ್ಲ. ಇವತ್ತು ಮಾತ್ರ ಮಾಡಿದ ಕರೆಯೂ ಇದಲ್ಲ; ಮೊದಲ ಸಲ ಕೇಳುವವರು ಹೀಗೆ ಕೇಳುವುದಿಲ್ಲ. ಅವನು ಹೊಲದ ಕಡೆಗೋ ಡೈರಿಗೋ ಹೋದಾಗೆಲ್ಲ ಅವಳು ಈ ನಂಬರು ಒತ್ತಿದ್ದಾಳೆ, ಪೆಟ್ಟಿಗೆಯ ಕತ್ತಲೆಯೊಳಗೆ ಅದು ತಾನಾಗಿ ಎತ್ತಿಕೊಂಡಿದೆ, ಅವಳು ಒಂದನ್ನಾಗಲಿ ಎರಡನ್ನಾಗಲಿ ಒತ್ತದೆ ಮಾತಾಡಿದ್ದಾಳೆ. ನಾಲ್ಕೈದು ದಿನದಿಂದ ಅದು ಎತ್ತಿಲ್ಲ. ಇವತ್ತು ಎತ್ತಿದೆ, ಎತ್ತಿ, ಹಲೋ ಅಂದಿದೆ. ಈಗ ತಾನು ಗಂಡಸಿನ ಈ ಒರಟು ಗಂಟಲಿನಲ್ಲಿ ಒಂದು ಅಕ್ಷರ ಆಡಿದರೂ ಆ ಕಡೆ ಏನೋ ಕೆಳಗೆ ಬಿದ್ದು ಹೋಗುತ್ತದೆ. ಆಡದಿದ್ದರೆ ಅವಳು ಇನ್ನೊಂದು ಸಲ ಕೇಳುತ್ತಾಳೆ.

"ಮೊಗ. ಉಂಡ್ಯಾ?"

ಅವನು ಫೋನಿನ ಬಾಯಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು ಹುಡುಗಿಯ ಕಡೆ ಚಾಚಿದ. "ಉಂಡೆ ಅಂದ್ಬುಡವ್ವ. ಅಷ್ಟೇ ಅನ್ನು. ಬ್ಯಾರೇನೂ ಬ್ಯಾಡ."

"ಯಾರಪ್ಪಾಜಿ ಅದು?"

"ಅನ್ನವ್ವ."

"ಅನ್ಬುಡು ಕಣವ್ವ," ಅಂದ ಜವರಯ್ಯ, ಬೀದಿಯ ಕಡೆ ಮುಖ ತಿರುಗಿಸಿಕೊಂಡು.

ಹುಡುಗಿ ಇಬ್ಬರನ್ನೂ ನೋಡಿದಳು. ಏನೋ ತಮಾಷೆಯಲ್ಲ ಅನ್ನುವುದಷ್ಟೇ ಅವಳಿಗೆ ತಿಳಿದಂತಿತ್ತು. ಫೋನು ತೆಗೆದುಕೊಂಡು, ತನ್ನ ಮನೆಯವರಿಗೆ ಹೇಳುವಂತೆ ಸಲೀಸಾಗಿ, "ಹೂಂ, ಉಂಡೆ ಕಣಮ್ಮ" ಅಂದಳು. ಫೋನನ್ನು ಕಿವಿಯಿಂದ ಇಳಿಸಿದಳು. "ಇಟ್ಬುಟ್ರು."

ಅವಳ ಬೆನ್ನ ಹಿಂದೆ ಸ್ಟೂಲಿನ ಮೇಲೆ ಊಟದ ಡಬ್ಬ ಮುಚ್ಚಳ ಬಿಚ್ಚದೆ ಕೂತಿದ್ದು ಚಿಕ್ಕಸ್ವಾಮಿಗೆ ಆಗ ಕಂಡಿತು.

ಊರಿಗೆ ಹೋಗುವ ಬಸ್ಸಿನಲ್ಲಿ ಜವರಯ್ಯ ಪಕ್ಕದಲ್ಲೇ ಕೂತ. ಶೀಳನೆರೆಯಲ್ಲಿ ಯಾರದೋ ಎತ್ತಿನ ಜೋಡಿ ಕಂಡು 'ಎಷ್ಟು ಚೆಂದಾಗವೆ ಕಣ್ಲಾ' ಅಂದ. ಕಿಟಕಿಯಾಚೆ ಗದ್ದೆಗಳು ಹಸುರಾಗಿ ಸರಿದುಹೋಗುತ್ತಿದ್ದವು. ಪ್ರತಿ ಗದ್ದೆಯ ಮೂಲೆಯಲ್ಲೂ ಒಂದೊಂದು ಮೋಟರು ಮನೆ, ಪ್ರತಿಯೊಂದರಲ್ಲೂ ಎತ್ತಿಕೊಳ್ಳಲು ಕಾದಿರುವ ಒಂದೊಂದು ಪೆಟ್ಟಿಗೆ. ಚಿಕ್ಕಸ್ವಾಮಿ ಡಬ್ಬವನ್ನು ತೊಡೆಯ ಮೇಲೆ ಎರಡು ಕೈಯಲ್ಲೂ ಹಿಡಿದಿದ್ದ. ತಾನು ಮಾಡಿದ್ದು ಒಳ್ಳೆಯದೆಂದು ಒಂದು ಸಲ, ಅದಕ್ಕಿಂತ ಕೆಟ್ಟದ್ದನ್ನು ಯಾರೂ ಮಾಡಲಾರರೆಂದು ಇನ್ನೊಂದು ಸಲ ಅನ್ನಿಸುತ್ತಿತ್ತು. ಅವಳು ಮಗಳೇ ಅಂದುಕೊಂಡಿರಬಹುದೇ? ಹುಚ್ಚಿಯಲ್ಲ ಅವಳು. ಆ ಮೈ ತೊಳೆದವಳು, ತಲೆ ಬಾಚಿದವಳು. ಆದರೂ ನಾಲ್ಕೈದು ದಿನ ಎತ್ತದ ನಂಬರು ಇದ್ದಕ್ಕಿದ್ದಂತೆ ಹಲೋ ಅಂದಾಗ, ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು, ಅಂದುಕೊಂಡೇ ಇರಬೇಕು. ಆ ಒಂದು ಉಸಿರಿನ ಹೊತ್ತನ್ನು ತಾನು ಅವಳಿಗೆ ಕೊಟ್ಟೆನೋ, ಅವಳಿಂದ ಕಿತ್ತುಕೊಂಡೆನೋ. ಅವಳು ಆ ಪೆಟ್ಟಿಗೆಗೆ ಏನೇನು ಹೇಳುತ್ತಿದ್ದಳು? ಹಸು ಗಬ್ಬ ನಿಂತದ್ದು, ಯಾರದೋ ಮದುವೆಗೆ ಹೋಗಿ ಬಂದದ್ದು, ನಿಮ್ಮಪ್ಪ ಸರಿಯಾಗಿ ಉಣ್ಣುತ್ತಿಲ್ಲ ಅನ್ನುವುದು. ಗಂಡನ ಮುಂದೆ ಎರಡು ಮಾತಿಗೆ ಮೂರನೆಯದು ಆಡದವಳು. ಒಂದು ಮನೆಯಲ್ಲಿ ಎದುರುಬದುರು ಉಂಡು ಮಲಗುವ ಇಬ್ಬರೂ ಒಂದೇ ನಂಬರಿಗೆ ಕರೆ ಮಾಡುತ್ತಿದ್ದೆವು, ನಾನು ನೀರಿಗೆ, ಅವಳು ಮಾತಿಗೆ.

ಅವಳು ಜಗಲಿಯ ಮೇಲೆ ಮೊರದ ತುಂಬ ನೆನೆದ ಅವರೆಕಾಳು ಇಟ್ಟುಕೊಂಡು ಹಿದುಕುತ್ತಿದ್ದಳು. ಬಿಸಿಲು ಇಳಿಮುಖವಾಗಿತ್ತು. ಅವನು ಡಬ್ಬವನ್ನು ಅವಳ ಪಕ್ಕ ಇಟ್ಟು ಕಂಬಕ್ಕೆ ಒರಗಿ ಕೂತ. ಅವಳು ಡಬ್ಬದ ಕಡೆ ನೋಡಿದಳು, ಮುಟ್ಟಲಿಲ್ಲ.

"ಆ ಹುಡ್ಗಿ ಯಾರು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಸುಳ್ಳುಗಳು ಒಂದೂ ಬಾಯಿಗೆ ಬರಲಿಲ್ಲ. "ಅಂಗ್ಡಿ ಹುಡ್ಗಿ. ರಮ್ಯ ಅಂತ ಗೋಡೆ ಮೇಲೆ ಬರ್ಕೊಂಡಿದ್ಲು."

"ನೀವೇ ಯೋಳ್ಸುದ್ರಾ?"

ಅವನು ತಲೆಯಾಡಿಸಿದ.

"ಉಂಡಿದ್ಲಾ ನಿಜವಾಗ್ಲೂ?"

"ಇಲ್ಲ. ಡಬ್ಬ ಅಂಗೇ ಇತ್ತು."

"ಪಾಪ," ಅಂದಳು. ಒಂದು ಕಾಳು ಅವಳ ಬೆರಳ ನಡುವಿನಿಂದ ಜಿಗಿದು ಜಗಲಿಯಂಚಿಗೆ ಬಿತ್ತು. ಎತ್ತಿ ಸೀರೆಗೆ ಒರೆಸಿ ಬಟ್ಟಲಿಗೆ ಹಾಕಿದಳು. "ಹೊತ್ತಿಗೆ ಸರ್ಯಾಗಿ ಉಣ್ಣಕಿಲ್ಲ ಈ ಕೆಲ್ಸಕ್ಕೋಗೋ ಹೆಣ್‌ಮಕ್ಳು."

ಅವನಿಗೆ ಇನ್ನು ತಡೆಯಲಾಗಲಿಲ್ಲ. "ನಂಗ್ ಗೊತ್ತಿರ್ನಿಲ್ಲ ಕಣೆ. ನೀನು ಅವ್ಳ್ ನಂಬರ್ಗೆ..." ಅವಳು ಕತ್ತೆತ್ತದೆ ಹಿದುಕುತ್ತಿದ್ದಳು. ಅವನು ಡಬ್ಬವನ್ನು ಅವಳ ಕಡೆ ಸ್ವಲ್ಪ ನೂಕಿದ. "ಇವತ್ತೇ ಪೆಟ್ಟಿಗೇಲಿ ಕೂರಿಸ್ಬುಡ್ತೀನಿ. ಮೊದ್ಲಂಗೇ ಎತ್ತುತದೆ. ಇನ್‌ಮ್ಯಾಲೆ ಯಾರೂ ಮಾತಾಡಕಿಲ್ಲ. ಯಾರೂ ಮುಟ್ಟಕಿಲ್ಲ. ನೀನ್ ಮಾಡು."

ಪುಟ್ಟಗೌರಮ್ಮ ಮೊರವನ್ನು ತೊಡೆಯಿಂದ ಕೆಳಗಿಟ್ಟಳು. ಬೆರಳ ತುದಿಗಳು ನೀರಲ್ಲಿ ನೆನೆದು ಬಿಳುಚಿ ಸುಕ್ಕುಗಟ್ಟಿದ್ದವು, ಅವುಗಳನ್ನೇ ನೋಡುತ್ತಿದ್ದಳು. ಮಾತಾಡಿದಾಗ ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಯಾರಿಗೋ ದಾರಿ ಹೇಳುವವಳ ಹಾಗಿತ್ತು.

"ಅಂಗಲ್ಲ ಕಣ್ರೀ. ಇಷ್ಟ್ ದಿನ ಅವ್ಳು ಮಾತಾಡ್ತಿರ್ನಿಲ್ಲ, ಅಷ್ಟೇಯ. ಈಗ ಅವ್ಳೇ ಇಲ್ಲ."

ಹೊಲದ ಕಡೆಯಿಂದ ಮೊದಲು ಒಂದು, ಹಿಂದೆಯೇ ನಾಲ್ಕಾರು ಮೋಟರುಗಳು ಒಟ್ಟಿಗೆ ಎದ್ದವು. ಅವನ ಕೈ ಎಂದಿನಂತೆ ಜೇಬಿಗೆ ಹೋಯಿತು, ತನ್ನ ಫೋನನ್ನು ಮುಟ್ಟಿತು, ಹಾಗೇ ನಿಂತಿತು. ಹೆಂಡತಿ ಆ ಕೈಯನ್ನು ನೋಡಿದಳು. ಮೊರವನ್ನು ಮತ್ತೆ ತೊಡೆಗೆಳೆದುಕೊಂಡಳು.

"ಕರೆಂಟ್ ಬಂತು," ಅಂದಳು. "ಓಗಿ. ಕೈಯಲ್ಲೇ ಹಾಕ್ಬುಟ್ಟು ಬನ್ನಿ."